ಹಾಜರಿ ಪುಸ್ತಕದಲ್ಲಿ ಬರೆಯದ ಕಾರಣ

"ಹೊಟ್ಟೆನೋವು ಇದ್ದ ಕಾರಣ ಎರಡು ದಿನ ಶಾಲೆಗೆ ಬರಲಾಗಲಿಲ್ಲ, ದಯವಿಟ್ಟು ರಜೆ ಮಂಜೂರು ಮಾಡಬೇಕು." ಕೆಳಗೆ ಅಮ್ಮನ ಸಹಿ. ಮುಂದಿನ ತಿಂಗಳು ಅದೇ ಅಕ್ಷರ, ಅದೇ ಹೊಟ್ಟೆನೋವು. ಹಾಜರಿ ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡಿದರೆ ಆ ಗೈರುಹಾಜರಿ ಸುಮಾರು 28 ದಿನಕ್ಕೊಮ್ಮೆ ಬರುತ್ತದೆ. ಕಾರಣ ತಿಳಿಯಲು ಡಾಕ್ಟರೇ ಆಗಬೇಕೆಂದಿಲ್ಲ. ಆದರೂ ಕಾಸರಗೋಡಿನ ಕನ್ನಡ ಶಾಲೆಯ ಮಾಸ್ತರನಾದ ನಾನು ವರ್ಷಗಟ್ಟಲೆ ಅದನ್ನು ಹೊಟ್ಟೆನೋವು ಎಂದೇ ಓದಿ ಸಹಿ ಹಾಕಿದವನು. ಗಂಡಸು ಮಾಸ್ತರು ಇದನ್ನೆಲ್ಲಾ ಕೇಳುವುದುಂಟಾ ಎಂಬ ಸಂಕೋಚ.

ಆ ಸಂಕೋಚ ಸ್ವಲ್ಪ ಕರಗಿದ್ದು ನೂರು ವರ್ಷಕ್ಕೂ ಹಿಂದಿನ ಇನ್ನೊಬ್ಬ ಗಂಡಸು ಮಾಸ್ತರರ ಕಥೆ ತಿಳಿದ ಮೇಲೆ. ಅದನ್ನೇ ಮೊದಲು ಹೇಳುತ್ತೇನೆ.

ಕೊಚ್ಚಿ ರಾಜ್ಯದ ತೃಪ್ಪೂಣಿತ್ತುರದಲ್ಲಿ ಒಂದು ಸರಕಾರಿ ಹೆಣ್ಣುಮಕ್ಕಳ ಶಾಲೆ. 1912ರಲ್ಲಿ ಅಲ್ಲಿನ ಮುಖ್ಯೋಪಾಧ್ಯಾಯರು ವಿ. ಪಿ. ವಿಶ್ವನಾಥ ಅಯ್ಯರ್. ಆಗಿನ ನಿಯಮದಂತೆ ವಾರ್ಷಿಕ ಪರೀಕ್ಷೆಗೆ ಕೂರಬೇಕಾದರೆ ವರ್ಷಕ್ಕೆ 300 ದಿನ ಹಾಜರಾತಿ ಬೇಕಿತ್ತು. ಆದರೆ ಮುಟ್ಟಾದ ದಿನಗಳಲ್ಲಿ ಹುಡುಗಿಯರೂ ಬರುತ್ತಿರಲಿಲ್ಲ, ಕಲಿಸುವ ಹೆಂಗಸರೂ ಬರುತ್ತಿರಲಿಲ್ಲ. ಪರೀಕ್ಷೆಯ ದಿನವೇ ಮುಟ್ಟಾದರೆ ವರ್ಷದ ಓದೆಲ್ಲ ನೀರಿಗೆ ಹೋದ ಹಾಗೆ. ಅಯ್ಯರ್ ಆ ಜನವರಿ ತಿಂಗಳಲ್ಲಿ ತೃಶ್ಶೂರಿನ ಶಾಲಾ ಇನ್ಸ್‌ಪೆಕ್ಟರರ ಮುಂದೆ ಈ ವಿಷಯ ಇಟ್ಟರು. ಕೆಲವೇ ದಿನಗಳಲ್ಲಿ ಆದೇಶ ಬಂತು: ಈ ಕಾರಣಕ್ಕೆ ಪರೀಕ್ಷೆ ತಪ್ಪಿದ ಹುಡುಗಿಯರು ಆಮೇಲೆ ಬರೆಯಬಹುದು. ಪಿ. ಭಾಸ್ಕರನುಣ್ಣಿಯವರು ಹತ್ತೊಂಬತ್ತನೇ ಶತಮಾನದ ಕೇರಳದ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಇದು ದಾಖಲಾಗಿದೆ. ಕೇರಳ ಸಾಹಿತ್ಯ ಅಕಾಡೆಮಿ 1988ರಲ್ಲಿ ಅದನ್ನು ಪ್ರಕಟಿಸಿತು.

ಈ ಘಟನೆಯನ್ನು ಈಗಿನ ಕಣ್ಣಿನಿಂದ ನೋಡಿ ವಿಪರೀತ ಹೊಗಳುವುದು ಬೇಡ. ಮುಟ್ಟಾದವಳು ಹೊರಗೆ ಕೂರಬೇಕು ಎಂಬ ಪದ್ಧತಿಯನ್ನು ಆ ಆದೇಶ ಪ್ರಶ್ನಿಸಲಿಲ್ಲ. ಅದನ್ನು ಇದ್ದ ಹಾಗೆಯೇ ಒಪ್ಪಿಕೊಂಡು ಪರೀಕ್ಷೆಯ ದಿನವನ್ನು ಮಾತ್ರ ಬದಲಿಸಿತು. ಆದರೂ ಆ ಹೆಡ್‌ಮಾಸ್ತರರು ಮಾಡಿದ್ದರಲ್ಲಿ ಒಂದು ದೊಡ್ಡ ವಿಷಯ ಉಂಟು. ಹುಡುಗಿಗೂ ನಿಯಮಕ್ಕೂ ಹೊಂದಾಣಿಕೆ ಆಗದಿದ್ದಾಗ ಬದಲಾಗಬೇಕಾದದ್ದು ನಿಯಮ ಎಂದು ಅವರಿಗೆ ಹೊಳೆಯಿತು. ಕಾರಣವನ್ನು ಹೊಟ್ಟೆನೋವು ಎನ್ನದೆ, ಅದರ ಹೆಸರು ಹಿಡಿದೇ ಮೇಲಧಿಕಾರಿಗೆ ಬರೆದರು. ಅಲ್ಲಿಂದ ಈಚೆಗೆ ಏನೇನಾಯಿತು ಎಂದು ನೋಡಿದರೆ ಈ ಎರಡು ವಿಷಯಗಳನ್ನು ನಾವು ಮತ್ತೆ ಮತ್ತೆ ಮರೆತದ್ದು ಕಾಣುತ್ತದೆ.

ನಮ್ಮ ಕಾಸರಗೋಡು ಆಗ ಕೊಚ್ಚಿಗೂ ಸೇರಿರಲಿಲ್ಲ, ಕೇರಳ ಎಂಬ ರಾಜ್ಯವೂ ಇರಲಿಲ್ಲ. ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು ನಮ್ಮದು. ಇಲ್ಲಿ ಅನೇಕ ಮನೆಗಳಲ್ಲಿ ಹುಡುಗಿ ದೊಡ್ಡವಳಾಗುವುದು ಎಂದರೆ ಶಾಲೆ ಮುಗಿಯುವುದು ಎಂದೇ ಅರ್ಥ. ಎಷ್ಟೋ ಜಾತಿಗಳಲ್ಲಿ ಅದಕ್ಕೂ ಮೊದಲೇ ಮದುವೆ. ಬಾಲ್ಯವಿವಾಹ ತಡೆಯುವ ಶಾರದಾ ಕಾಯಿದೆ 1929ರಲ್ಲಿ ಬಂದು 1930ರ ಏಪ್ರಿಲ್ 1ರಿಂದ ಜಾರಿಯಾದಾಗಲೂ ಹುಡುಗಿಯ ಮದುವೆಯ ಕನಿಷ್ಠ ವಯಸ್ಸು 14. ಅದು 18 ಆದದ್ದು 1978ರಲ್ಲಿ. ಅಂದರೆ ಮುಟ್ಟಾಗುವ ವಯಸ್ಸಿನ ಹುಡುಗಿಯರು ಬೆಂಚು ತುಂಬ ಕೂತಿರುವ ಹೈಸ್ಕೂಲು ಎಂಬುದೇ ನಮ್ಮ ಸಮಾಜಕ್ಕೆ ಹೊಸತು. ಶಾಲೆಯ ಕಟ್ಟಡ, ವೇಳಾಪಟ್ಟಿ, ಸಮವಸ್ತ್ರ ಯಾವುದೂ ಅವಳನ್ನು ನೆನೆದು ಮಾಡಿದ್ದಲ್ಲ. ಹುಡುಗರಿಗೆ ಮಾಡಿಟ್ಟದ್ದರೊಳಗೆ ಹುಡುಗಿ ಬಂದು ಕೂತಳು, ಅಷ್ಟೆ.

ಇಲ್ಲಿ ನಮ್ಮ ಊರಿನದೇ ಒಂದು ಮಾತು ಹೇಳಬೇಕು. ತುಳುನಾಡಿನ ಕೆಡ್ಡಸ ನಿಮಗೆ ಗೊತ್ತಲ್ಲ? ಫೆಬ್ರವರಿ ಸುಮಾರಿಗೆ ಬರುತ್ತದೆ. ಭೂಮಿತಾಯಿ ಮುಟ್ಟಾಗಿದ್ದಾಳೆ ಎಂದು ಮೂರು ದಿನ ಯಾರೂ ನೆಲ ಅಗೆಯಬಾರದು, ಉಳಬಾರದು, ಮರ ಕಡಿಯಬಾರದು. ಕೊನೆಯ ದಿನ ಹೆಂಗಸರು ಭೂಮಿಗೆ ಎಣ್ಣೆ ಬಿಟ್ಟು ಗೌರವಿಸುತ್ತಾರೆ. ಭೂಮಿಗೆ ಮುಟ್ಟಾದರೆ ಊರಿನ ಕೆಲಸವೆಲ್ಲ ನಿಂತು ಅವಳಿಗೆ ವಿಶ್ರಾಂತಿ ಸಿಗುತ್ತದೆ. ಅದೇ ಮನೆಯ ಹುಡುಗಿಗೆ ಮುಟ್ಟಾದರೆ ಅವಳೇ ಮೂಲೆಗೆ ಸರಿಯಬೇಕು. ಒಂದು ಸಲ ಮಕ್ಕಳಿಗೆ ಕೆಡ್ಡಸದ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದೆ. ಒಬ್ಬಳು ಬರೆದಳು: "ಭೂಮಿಗೆ ಮೂರು ದಿನ ರಜೆ ಉಂಟು, ನಮಗೆ ಮಾತ್ರ ಪರೀಕ್ಷೆ ಉಂಟು." ಕೆಂಪು ಶಾಯಿಯಲ್ಲಿ ತಿದ್ದಲು ಅಲ್ಲಿ ಏನೂ ಇರಲಿಲ್ಲ.

ಇರಲಿ. ಇನ್ನು ಬಟ್ಟೆಯ ವಿಷಯ.

ನಮ್ಮ ಅಮ್ಮಂದಿರು, ಅಜ್ಜಿಯಂದಿರು ಬಳಸಿದ್ದು ಹಳೆಯ ಸೀರೆಯ, ಪಂಚೆಯ ಹತ್ತಿ ಬಟ್ಟೆ. ಚೆನ್ನಾಗಿ ಒಗೆದು ಬಿಸಿಲಲ್ಲಿ ಗರಿಗರಿ ಒಣಗಿಸಿದರೆ ಅದರಲ್ಲಿ ಕೆಟ್ಟದ್ದೇನೂ ಇಲ್ಲ. ತೊಂದರೆ ಇರುವುದು ಒಣಗಿಸುವುದರಲ್ಲಿ. ಯಾರ ಕಣ್ಣಿಗೂ ಬೀಳಬಾರದೆಂದು ಮಾಡಿನ ಕೆಳಗೆ, ಕೊಟ್ಟಿಗೆಯ ಮೂಲೆಯಲ್ಲಿ, ಇನ್ನೊಂದು ಬಟ್ಟೆಯ ಅಡಿಯಲ್ಲಿ ಹಾಕಬೇಕು. ಮೇಲಾಗಿ ನಮ್ಮದು ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ. ಶಾಲೆ ಶುರುವಾಗುವುದೇ ಜೂನಿನಲ್ಲಿ, ಮಳೆಯೊಂದಿಗೆ. ಆಟಿ ತಿಂಗಳಲ್ಲಿ ಸಮವಸ್ತ್ರವೇ ಎರಡು ದಿನ ಒಣಗುವುದಿಲ್ಲ, ಇನ್ನು ಅಡಗಿಸಿಟ್ಟ ಬಟ್ಟೆ ಎಲ್ಲಿಂದ ಒಣಗಬೇಕು? ಹಸಿಯಾದದ್ದನ್ನೇ ಇಟ್ಟುಕೊಂಡು ಎರಡು ಮೈಲು ನಡೆದು ಬರಬೇಕು, ಸಂಜೆವರೆಗೆ ಬದಲಿಸಲು ಜಾಗವಿಲ್ಲ. ಇಂಥ ದಿನ ಮನೆಯಲ್ಲಿ ಉಳಿಯುವುದು ಸೋಮಾರಿತನ ಹೇಗಾಗುತ್ತದೆ?

ಅಂಗಡಿಯಲ್ಲಿ ಸಿಗುವ ಪ್ಯಾಡಿನ ಹುಟ್ಟು ಯುದ್ಧದಲ್ಲಿ. ಮೊದಲ ಮಹಾಯುದ್ಧದಲ್ಲಿ ಗಾಯಕ್ಕೆ ಕಟ್ಟಲು ಅಮೆರಿಕದಲ್ಲಿ ಮರದ ತಿರುಳಿನಿಂದ ಹತ್ತಿಯಂಥ ಒಂದು ವಸ್ತು ತಯಾರಿಸಿದರು. ಆಸ್ಪತ್ರೆಯ ನರ್ಸುಗಳು ಅದನ್ನೇ ತಮ್ಮ ಮುಟ್ಟಿಗೂ ಬಳಸಿಕೊಂಡರು. ಯುದ್ಧ ಮುಗಿದ ಮೇಲೆ 1920ರಲ್ಲಿ ಅದು ಕೋಟೆಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಸೊಂಟದ ಪಟ್ಟಿ ಬೇಡದ, ಅಂಟಿಸುವ ಪ್ಯಾಡು ಬರಲು ಮತ್ತೆ ಸುಮಾರು 50 ವರ್ಷ ಬೇಕಾಯಿತು. ನಮ್ಮ ದೇಶದ ಹಳ್ಳಿಗಳಿಗೆ ಅದು ಬಂದದ್ದು ಇನ್ನೂ ತಡವಾಗಿ, ಬಂದ ಮೇಲೂ ಪೇಪರಿನಲ್ಲಿ ಸುತ್ತಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡುವ ಗುಟ್ಟಿನ ಸಾಮಾನಾಗಿ.

ಆ ಬೆಲೆಯ ಗುಟ್ಟು ಒಡೆದವರು ಕೊಯಮತ್ತೂರಿನ ಅರುಣಾಚಲಂ ಮುರುಗನಾಂದಂ. ವೆಲ್ಡಿಂಗ್ ಕೆಲಸದವರು, ಬಡತನದಿಂದ ಶಾಲೆ ಅರ್ಧಕ್ಕೆ ಬಿಟ್ಟವರು. 1998ರಲ್ಲಿ ಮದುವೆಯಾದ ಹೊಸತರಲ್ಲಿ ಹೆಂಡತಿ ಹಳೆ ಬಟ್ಟೆ ಬಳಸುವುದನ್ನು ನೋಡಿ, ಪ್ಯಾಡು ಕೊಂಡರೆ ಹಾಲಿನ ದುಡ್ಡಿಗೆ ಕೊರತೆ ಎಂಬ ಉತ್ತರ ಕೇಳಿ, ತಾನೇ ಮಾಡಲು ಹೊರಟರು. ಹತ್ತಿಯಿಂದ ಮಾಡಿದ್ದು ಸರಿಹೋಗಲಿಲ್ಲ. ಪರೀಕ್ಷಿಸಲು ಯಾರೂ ಒಪ್ಪದಾಗ ಫುಟ್‌ಬಾಲಿನ ಬ್ಲಾಡರಿನಲ್ಲಿ ಆಡಿನ ರಕ್ತ ತುಂಬಿ ತಾನೇ ಕಟ್ಟಿಕೊಂಡು ಓಡಾಡಿದರು. ಊರವರು ಹುಚ್ಚ ಎಂದರು, ಹೆಂಡತಿ ತವರಿಗೆ ಹೋದರು. ದೊಡ್ಡ ಕಂಪೆನಿಗಳು ಬಳಸುವುದು ಮರದ ತಿರುಳು ಎಂದು ಕಂಡುಕೊಳ್ಳಲು ಅವರಿಗೆ ಎರಡು ವರ್ಷಕ್ಕೂ ಮೇಲೆ ಹಿಡಿಯಿತು. ಹಳ್ಳಿಯ ಹೆಂಗಸರೇ ನಡೆಸಬಹುದಾದ ಅಗ್ಗದ ಯಂತ್ರವನ್ನು ಅವರು ಮಾಡಿದರು. 2006ರಲ್ಲಿ ಮದ್ರಾಸ್ ಐಐಟಿ ಅದನ್ನು ಗುರುತಿಸಿತು, 2016ರಲ್ಲಿ ಪದ್ಮಶ್ರೀ ಬಂತು. ಹೆಂಡತಿಯೂ ಮರಳಿ ಬಂದರು.

ಸರಕಾರಗಳು ಎದ್ದದ್ದು ಆಮೇಲೆ. 2011ರಲ್ಲಿ ಕೇಂದ್ರ ಸರಕಾರ ಆಯ್ದ ಜಿಲ್ಲೆಗಳ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ 6 ಪ್ಯಾಡಿನ ಪೊಟ್ಟಣವನ್ನು 6 ರೂಪಾಯಿಗೆ ಕೊಡತೊಡಗಿತು. ಅದೇ ವರ್ಷ ತಮಿಳುನಾಡು ಸರಕಾರ ಹಳ್ಳಿಯ ಹುಡುಗಿಯರಿಗೆ ಉಚಿತವಾಗಿ ಕೊಡುವ 'ಪುದು ಯುಗಂ' ಯೋಜನೆ ಘೋಷಿಸಿತು. ತಾಳವಾಡಿ, ಹೊಸೂರಿನ ನಮ್ಮ ಕನ್ನಡದ ಮಕ್ಕಳಿಗೂ ಅದೇ ಯೋಜನೆ. ಕರ್ನಾಟಕದಲ್ಲಿ 2013-14ರಲ್ಲಿ 'ಶುಚಿ' ಬಂತು, ಕೋವಿಡ್ ಕಾಲದಲ್ಲಿ ನಿಂತು 2024ರಲ್ಲಿ ಮತ್ತೆ ಶುರುವಾಯಿತು. ಕೇರಳದಲ್ಲಿ 2017ರ ನವೆಂಬರಿನಲ್ಲಿ 'ಷೀ ಪ್ಯಾಡ್' ಶುರುವಾಯಿತು. ಪ್ಯಾಡಿನ ಜತೆಗೆ ಅದನ್ನಿಡಲು ಕಪಾಟು, ಬಳಸಿದ್ದನ್ನು ಸುಡುವ ಯಂತ್ರ ಇವನ್ನೂ ಶಾಲೆಗೆ ಕೊಡುವ ಯೋಜನೆ ಅದು. ಅಂದ ಹಾಗೆ ಅದೇ 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಪ್ಯಾಡಿನ ಮೇಲೆ ಶೇಕಡಾ 12 ತೆರಿಗೆ ಬಿದ್ದಿತ್ತು. ದೇಶವಿಡೀ ಗಲಾಟೆಯಾಗಿ 2018ರ ಜುಲೈಯಲ್ಲಿ ಅದು ಹೋಯಿತು.

ಫಲ ಸಿಗಲಿಲ್ಲ ಎನ್ನುವ ಹಾಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24 ವಯಸ್ಸಿನವರಲ್ಲಿ ಶುಚಿಯಾದ ಸಾಧನ ಬಳಸುವವರು 2015-16ರಲ್ಲಿ ಶೇಕಡಾ 57.6 ಇದ್ದದ್ದು 2019-21ರಲ್ಲಿ 77.3 ಆಯಿತು.

ಹಾಗಾದರೆ ಪ್ಯಾಡು ಕೊಟ್ಟರೆ ಮುಗಿಯಿತಾ? ಇಲ್ಲಿ ಸ್ವಲ್ಪ ನಿಧಾನಿಸಬೇಕು. ನೇಪಾಳದ ಚಿತವನದಲ್ಲಿ ಎಮಿಲಿ ಆಸ್ಟರ್ ಮತ್ತು ರೆಬೆಕಾ ಥಾರ್ನ್‌ಟನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು 198 ಹುಡುಗಿಯರನ್ನು ಗಮನಿಸಿ ಒಂದು ಅಧ್ಯಯನ ನಡೆಸಿದರು. ಅರ್ಧದಷ್ಟು ಮಂದಿಗೆ ಮುಟ್ಟಿನ ಕಪ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. 2011ರಲ್ಲಿ ಪ್ರಕಟವಾದ ಅದರ ಫಲಿತಾಂಶ ಅನೇಕರಿಗೆ ಆಶ್ಚರ್ಯ ತಂದಿತು. ಆ ಹುಡುಗಿಯರು ಮುಟ್ಟಿನಿಂದಾಗಿ ತಪ್ಪಿಸಿಕೊಳ್ಳುತ್ತಿದ್ದದ್ದು ವರ್ಷಕ್ಕೆ ಅರ್ಧ ದಿನಕ್ಕೂ ಕಡಿಮೆ, ಕಪ್ ಕೊಟ್ಟದ್ದರಿಂದ ಹಾಜರಾತಿ ಹೆಚ್ಚಾಗಲಿಲ್ಲ. ಆದರೆ ಹುಡುಗಿಯರು ಅದನ್ನು ಇಷ್ಟಪಟ್ಟರು, ಬಟ್ಟೆ ಒಗೆಯುವ ಕೆಲಸ ತಪ್ಪಿತು ಎಂದರು.

ಇದನ್ನು ಓದಿ, ನೋಡಿ ಮುಟ್ಟಿಗೂ ಶಾಲೆಗೂ ಸಂಬಂಧವೇ ಇಲ್ಲ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ಊರಿನ ಲೆಕ್ಕ ಇನ್ನೊಂದು ಊರಿನದ್ದಲ್ಲ. ಮೇಲಾಗಿ ಹಾಜರಿ ಪುಸ್ತಕ ಹೇಳುವುದು ಹುಡುಗಿ ಬಂದಳೋ ಇಲ್ಲವೋ ಎಂದು ಮಾತ್ರ. ಬಂದವಳು ಕಲೆಯಾದೀತೆಂದು ಬೆಂಚಿನಿಂದ ಏಳದೆ ಕೂತಳಾ, ಉತ್ತರ ಗೊತ್ತಿದ್ದೂ ಕೈ ಎತ್ತಲಿಲ್ಲವಾ, ಮೂತ್ರಕ್ಕೆ ಹೋಗಬೇಕಾದೀತೆಂದು ಬೆಳಗಿನಿಂದ ನೀರು ಕುಡಿಯಲಿಲ್ಲವಾ, ಇದನ್ನು ಯಾವ ಪುಸ್ತಕದಲ್ಲಿ ಬರೆಯುತ್ತೇವೆ? ಆ ಅಧ್ಯಯನದಿಂದ ನಾನು ಕಲಿತದ್ದು ಇಷ್ಟು: ಒಂದು ಸಾಮಾನು ಕೊಟ್ಟು ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಸಾಮಾನಿನ ಜತೆ ಮೊದಲು ಬೇಕಾದದ್ದು ಬಾಗಿಲು ಮತ್ತು ನೀರು. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಶೌಚಾಲಯ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳಿತು. 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳ ಗಡುವು ಕೊಟ್ಟಿತು. 2014ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ಒಂದು ವರ್ಷದೊಳಗೆ ಆಗಬೇಕು ಎಂದರು. ಕಟ್ಟಡಗಳು ಬಹಳಷ್ಟು ಎದ್ದವು ನಿಜ. ಆದರೆ ಹುಡುಗಿಗೆ ಬೇಕಾದದ್ದು ಗೋಡೆ ಮಾತ್ರವಲ್ಲ. ಒಳಗಿನಿಂದ ಹಾಕುವ ಚಿಲಕ, ಬಕೆಟಿನಲ್ಲಿ ನೀರು, ಸಾಬೂನು, ಬಳಸಿದ್ದನ್ನು ಹಾಕಲು ಮುಚ್ಚಳದ ಡಬ್ಬಿ. ಇಷ್ಟರಲ್ಲಿ ಒಂದು ಇಲ್ಲದಿದ್ದರೂ ಮಧ್ಯಾಹ್ನದ ಬೆಲ್ಲಿನ ಹೊತ್ತಿಗೆ ಅವಳು ಮನೆಗೆ ಹೋಗಲೇಬೇಕು. ಮಾರ್ಚ್‌ನಲ್ಲಿ ನಮ್ಮ ಬಾವಿಗಳು ಬತ್ತಿದಾಗ ಮೊದಲು ಬೀಗ ಬೀಳುವುದು ಹುಡುಗಿಯರ ಶೌಚಾಲಯಕ್ಕೆ. ವಾರ್ಷಿಕ ಪರೀಕ್ಷೆ ನಡೆಯುವುದೂ ಅದೇ ಮಾರ್ಚ್‌ನಲ್ಲಿ!

ಎರಡನೆಯದು ಮಾತು. ಕೇಂದ್ರ ಸರಕಾರ 2005ರ ಹೊತ್ತಿಗೆ ಹದಿಹರೆಯದ ಶಿಕ್ಷಣದ ಕಾರ್ಯಕ್ರಮ ತಂದಾಗ 2007ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಸೇರಿ ಅನೇಕ ರಾಜ್ಯಗಳು ಅದು ನಮ್ಮ ಸಂಸ್ಕೃತಿಗೆ ಸಲ್ಲದು ಎಂದು ನಿಲ್ಲಿಸಿದವು. ಮಾತು ನಿಂತರೆ ಮುಟ್ಟು ನಿಲ್ಲುತ್ತದಾ? ನಮ್ಮಂಥ ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಗಂಟು ಉಂಟು. ಕೆಲವು ವರ್ಷಗಳ ಹಿಂದೆ ಈ ವಿಷಯದ ಒಂದು ತರಬೇತಿಗೆ ಹೋಗಿದ್ದೆ. ಒಳ್ಳೆಯ ತರಬೇತಿಯೇ. ಕೊಟ್ಟ ಕೈಪಿಡಿ, ಗೋಡೆಗೆ ಅಂಟಿಸುವ ಚಿತ್ರ ಎಲ್ಲ ಮಲಯಾಳದಲ್ಲಿ. ಕನ್ನಡದಲ್ಲಿ ಉಂಟಾ ಎಂದು ಕೇಳಿದೆ. "ಚಿತ್ರ ನೋಡಿದರೆ ತಿಳಿಯುತ್ತದಲ್ಲ" ಎಂಬ ಉತ್ತರ ಬಂತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ತನ್ನ ದೇಹದ ಬಗ್ಗೆ ಮೊದಲ ಸಲ ಓದುವ ಹುಡುಗಿಗೆ 'ಆರ್ತವಂ' ಎಂದರೆ ಏನೆಂದು ಇನ್ನೊಬ್ಬರನ್ನು ಕೇಳಬೇಕಾದರೆ, ಅವಳು ಕೇಳುವುದಿಲ್ಲ. ನಮ್ಮ ಒಬ್ಬರು ಟೀಚರು ಆ ಕೈಪಿಡಿಯನ್ನು ಕನ್ನಡಕ್ಕೆ ತಂದು ಕೈಯಲ್ಲೇ ಬರೆದರು. ಅದರ ಜೆರಾಕ್ಸ್ ಪ್ರತಿಗಳು ಈಗಲೂ ಹುಡುಗಿಯರಲ್ಲಿ ಕೈಯಿಂದ ಕೈಗೆ ಹೋಗುತ್ತವೆ.

ಅದೇ ಟೀಚರು ಇನ್ನೊಂದನ್ನೂ ನನಗೆ ತೋರಿಸಿದರು. ಶಾಲೆಗೆ ಬಂದ ಪ್ಯಾಡುಗಳನ್ನು ನಾವು ಇಟ್ಟದ್ದು ಸ್ಟಾಫ್‌ರೂಮಿನ ಕಪಾಟಿನಲ್ಲಿ, ಕೀಲಿಕೈ ನನ್ನ ಹತ್ತಿರ. ಬೇಕಾದ ಹುಡುಗಿ ಅಷ್ಟು ಜನ ಗಂಡಸರ ಎದುರು ಬಂದು ಕೇಳಬೇಕು. ಇಡೀ ವರ್ಷದಲ್ಲಿ ಬಂದು ಕೇಳಿದವರು ಮೂವರು. "ಬೇಡಿಕೆ ಇಲ್ಲ" ಎಂದು ನಾನೇ ರಿಜಿಸ್ಟರಿನಲ್ಲಿ ಬರೆದಿದ್ದೆ. "ಸರ್, ಬೇಡಿಕೆ ಇಲ್ಲದ್ದಲ್ಲ, ದಾರಿ ಇಲ್ಲದ್ದು" ಎಂದರು ಅವರು. ಕಪಾಟನ್ನು ಹುಡುಗಿಯರ ಶೌಚಾಲಯದ ಪಕ್ಕದ ಕೋಣೆಗೆ ಸಾಗಿಸಿ, ಬೀಗ ತೆಗೆದು, ಲೆಕ್ಕ ಹುಡುಗಿಯರೇ ಇಡಲಿ ಎಂದು ಬಿಟ್ಟೆವು. ಎರಡು ತಿಂಗಳಲ್ಲಿ ಖಾಲಿ. ಹಣಕ್ಕೆ ಪಿಟಿಎ ಸಭೆಯಲ್ಲಿ ಕೇಳಬೇಕಾಯಿತು. ಆ ಸಭೆಯಲ್ಲಿ 'ಮುಟ್ಟು' ಎಂಬ ಶಬ್ದವನ್ನು ಜೋರಾಗಿ ಹೇಳಲು ನನಗೆ ಎಷ್ಟು ಕಷ್ಟವಾಯಿತು ಎಂದರೆ, ಹನ್ನೆರಡು ವರ್ಷದ ಹುಡುಗಿಯ ಕಷ್ಟ ಆಗ ಅರ್ಥವಾಯಿತು.

ಮುರುಗನಾಂದಂ ಅವರ ಕೊಯಮತ್ತೂರು ಜಿಲ್ಲೆಯಿಂದಲೇ 2025ರ ಏಪ್ರಿಲ್‌ನಲ್ಲಿ ಬಂದ ಸುದ್ದಿ ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಮುಟ್ಟಾಗಿದ್ದಾಳೆಂದು ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಅವಳನ್ನು ತರಗತಿಯ ಹೊರಗೆ ಮೆಟ್ಟಿಲ ಮೇಲೆ ಕೂರಿಸಿ ಪರೀಕ್ಷೆ ಬರೆಸಿದ್ದರು. ತಾಯಿ ಮಾಡಿದ ವಿಡಿಯೋದಿಂದ ಅದು ಹೊರಬಿತ್ತು, ಪ್ರಾಂಶುಪಾಲರ ಅಮಾನತಾಯಿತು. ಪ್ಯಾಡು ಅಲ್ಲಿ ಸಿಗದ ವಸ್ತುವಲ್ಲ. ಅಗ್ಗದ ಪ್ಯಾಡಿನ ಯಂತ್ರ ಹುಟ್ಟಿದ ಜಿಲ್ಲೆಯೇ ಅದು. 1912ರಲ್ಲಿ ಒಬ್ಬ ಹೆಡ್‌ಮಾಸ್ತರರು ಪರೀಕ್ಷೆಯನ್ನು ಹುಡುಗಿಗಾಗಿ ಮುಂದಕ್ಕೆ ಹಾಕಿಸಿದರು. 113 ವರ್ಷ ಕಳೆದ ಮೇಲೆ ಹುಡುಗಿಯನ್ನು ಪರೀಕ್ಷೆಗಾಗಿ ಹೊರಗೆ ಹಾಕಿದರು.

ಒಳ್ಳೆಯ ಸುದ್ದಿಯೂ ಇಲ್ಲದಿಲ್ಲ. 2018ರ ನೆರೆಯಲ್ಲಿ ಪರಿಹಾರ ಶಿಬಿರಗಳಲ್ಲಿ ಬಳಸಿದ ಪ್ಯಾಡನ್ನು ಎಲ್ಲಿ ಹಾಕುವುದೆಂಬ ಕಷ್ಟ ಕಂಡ ಆಲಪ್ಪುಳ ನಗರಸಭೆ 2019ರಲ್ಲಿ 5000 ಮಹಿಳೆಯರಿಗೆ ಮುಟ್ಟಿನ ಕಪ್ ಹಂಚಿತು. ಒಂದು ಕಪ್ ಸರಿಯಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತದೆ, ಕಸವೂ ಇಲ್ಲ. ಕರ್ನಾಟಕ 2023ರಲ್ಲಿ ಕಪ್‌ನ ಪ್ರಯೋಗ ಶುರುಮಾಡಿದ್ದು ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ. ಒಂದು ನಮ್ಮ ನೆರೆ, ಇನ್ನೊಂದು ತಾಳವಾಡಿಯವರ ನೆರೆ. 2023ರ ಏಪ್ರಿಲ್‌ನಲ್ಲಿ ಶಾಲಾ ಹುಡುಗಿಯರ ಮುಟ್ಟಿನ ಶುಚಿತ್ವಕ್ಕೆ ದೇಶಕ್ಕೆಲ್ಲ ಒಂದೇ ನೀತಿ ಮಾಡಬೇಕು ಎಂದು ಸುಪ್ರೀಂ ಕೋರ್ಟು ಕೇಂದ್ರಕ್ಕೆ ಹೇಳಿತು.

ಅದಕ್ಕೂ ಮೂರು ತಿಂಗಳು ಮೊದಲು, 2023ರ ಜನವರಿಯಲ್ಲಿ, ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ವಿದ್ಯಾರ್ಥಿನಿಯರಿಗೆ ಪ್ರತಿ ಸೆಮಿಸ್ಟರಿಗೆ ಶೇಕಡಾ 2 ಹಾಜರಾತಿ ವಿನಾಯಿತಿ ಕೊಟ್ಟಿತು. ಪರೀಕ್ಷೆಗೆ 75 ಬೇಕಿದ್ದದ್ದು ಅವರಿಗೆ 73 ಸಾಕು. ಕಾರಣವನ್ನು ಯಾವ ಮುಚ್ಚುಮರೆ ಇಲ್ಲದೆ ಬರೆಯಲಾಗಿತ್ತು: ಮುಟ್ಟು. ತೃಪ್ಪೂಣಿತ್ತುರ ಇರುವ ಅದೇ ಎರ್ನಾಕುಳಂ ಜಿಲ್ಲೆ, ಅದೇ ಜನವರಿ ತಿಂಗಳು, ಮತ್ತೆ ಅದೇ ಹಾಜರಾತಿಯ ಲೆಕ್ಕ. ಸುತ್ತು ಬರಲು 111 ವರ್ಷ ಹಿಡಿಯಿತು.

ರಜೆ ಕೊಡುವುದೇ ಉತ್ತರ ಎಂದು ನಾನು ಹೇಳುತ್ತಿಲ್ಲ. ನೋವಿದ್ದವಳಿಗೆ ರಜೆ ಬೇಕು, ಬರಬೇಕೆನ್ನುವವಳಿಗೆ ಬರುವ ದಾರಿ ಬೇಕು. ಆರಿಸುವುದು ಅವಳ ಕೈಯಲ್ಲಿರಬೇಕು. ಅದಕ್ಕೆ ದೊಡ್ಡ ಯೋಜನೆ ಬರುವ ತನಕ ಕಾಯಬೇಕಾಗಿಲ್ಲ. ನಿಮ್ಮ ಶಾಲೆಯ ಹಾಜರಿ ಪುಸ್ತಕವನ್ನು ಒಮ್ಮೆ ಹಿಂದಕ್ಕೆ ತಿರುವಿ ನೋಡಿ. ಆಮೇಲೆ ಎದ್ದು ಹೋಗಿ ಹುಡುಗಿಯರ ಶೌಚಾಲಯದ ಚಿಲಕ ನೋಡಿ. ಪ್ಯಾಡಿನ ಕಪಾಟಿನ ಕೀಲಿಕೈ ಯಾರ ಕಿಸೆಯಲ್ಲಿ ಉಂಟು ನೋಡಿ.

ಕಳೆದ ಸಲ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ರಜಾ ಅರ್ಜಿ ಬಂತು. ಮೊದಲು 'ಹೊಟ್ಟೆನೋವು' ಎಂದು ಬರೆದು, ಗೆರೆ ಎಳೆದು ಹೊಡೆದು ಹಾಕಿ, ಪಕ್ಕದಲ್ಲಿ 'ಮುಟ್ಟಿನ ನೋವು' ಎಂದು ಬರೆದಿದ್ದಳು. ಒಂದೇ ದಿನದ ರಜೆ. ಓದಿ ಸಹಿ ಹಾಕಿದೆ.